ಎಷ್ಟು ಕೆ.ಜಿ. ಬರುತ್ತೆ ಅಂತ ಕೇಳುವವರಿಗೆ

ನಮ್ಮ ಬಡಾವಣೆಯ ಸಮುದಾಯ ತೋಟದ ಬಗ್ಗೆ ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ. "ಎಷ್ಟು ಕೆ.ಜಿ. ಬರುತ್ತೆ?" ನೆಂಟರು ಕೇಳುತ್ತಾರೆ, ಆಫೀಸಿನವರು ಕೇಳುತ್ತಾರೆ, ಬೆಳಿಗ್ಗೆ ನಾಯಿ ಕರೆದುಕೊಂಡು ವಾಕಿಂಗ್ ಹೋಗುವವರು ಬೇಲಿಯ ಆಚೆ ನಿಂತು ಕೇಳುತ್ತಾರೆ. ಜಾಸ್ತಿ ಏನೂ ಬರುವುದಿಲ್ಲ. ಚೆನ್ನಾಗಿ ಬಂದ ವಾರದಲ್ಲಿ ಕೆಲಸಕ್ಕೆ ಬಂದ ಒಬ್ಬೊಬ್ಬರಿಗೆ ಒಂದು ಕಟ್ಟು ಸೊಪ್ಪು, ಒಂದು ಹಿಡಿ ಮೆಣಸಿನಕಾಯಿ, ನಾಲ್ಕು ಬದನೆಕಾಯಿ. ಅಷ್ಟೇ. ಅದೇ ಸೊಪ್ಪು ಹಾಪ್‌ಕಾಮ್ಸ್‌ನಲ್ಲಿ ಸಿಗುತ್ತದೆ, ತಳ್ಳುಗಾಡಿಯಲ್ಲಿ ಮನೆ ಬಾಗಿಲಿಗೇ ಬರುತ್ತದೆ, ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಹುಡುಗನೊಬ್ಬ ತಂದುಕೊಡುತ್ತಾನೆ. ನಾವು ಅದಕ್ಕಾಗಿ ವಾರಗಟ್ಟಲೆ ಕಾಯುತ್ತೇವೆ, ಬಗ್ಗಿ ಎದ್ದು ಸೊಂಟ ಹಿಡಿಸಿಕೊಳ್ಳುತ್ತೇವೆ.

ಆದರೂ ಜನ ಬರುತ್ತಾರೆ. ಮಳೆ ಬಂದ ಮರುದಿನ ಯಾರೂ ಕರೆಯದೆ ಬರುತ್ತಾರೆ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು, ನೆನಪಿದೆಯಲ್ಲ? ಆಗ ನಮ್ಮ ಗಿಡಗಳಲ್ಲಿ ಒಂದಷ್ಟು ಹಣ್ಣಿತ್ತು. ಅದನ್ನು ನೋಡಿ ಟೊಮೆಟೊ ಆಸೆಗೆ ಒಬ್ಬರೂ ಹೊಸದಾಗಿ ಬಂದು ಸೇರಲಿಲ್ಲ. ಟೊಮೆಟೊ ಹತ್ತು ರೂಪಾಯಿಗೆ ಇಳಿದಾಗ ಯಾರೂ ಬಿಟ್ಟು ಹೋಗಲೂ ಇಲ್ಲ. ಮಾರುಕಟ್ಟೆಯ ಬೆಲೆಗೂ ನಮ್ಮ ತೋಟದ ಹಾಜರಿಗೂ ಸಂಬಂಧವೇ ಇಲ್ಲ ಅಂತ ನನಗೆ ಆಗ ಗಟ್ಟಿಯಾಯಿತು. ಹಾಗಾದರೆ ಇಷ್ಟು ಜನ ಯಾಕೆ ಬರುತ್ತಾರೆ? ಈ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನದಿಂದ ಕೂತಿದೆ.

ವ್ಯಾಯಾಮ, ಬಿಸಿಲು, ಔಷಧಿ ಹೊಡೆಯದ ತರಕಾರಿ. ಇವೆಲ್ಲ ನಿಜವೇ. ಆದರೆ ಇಷ್ಟಕ್ಕೆ ಆಗಿದ್ದರೆ ತಾರಸಿಯ ಮೇಲೆ ನಾಲ್ಕು ಕುಂಡ ಇಟ್ಟುಕೊಂಡರೆ ಸಾಕಿತ್ತು. ಬೆಂಗಳೂರಿಗೆ ತಾರಸಿ ತೋಟ ಹೊಸದಲ್ಲ. 2011ರಲ್ಲಿ ಶುರುವಾದ 'ಊಟ ಫ್ರಮ್ ಯುವರ್ ತೋಟ' ಮೇಳಗಳಿಗೆ ಹೋದವರಿಗೆ ಗೊತ್ತು, ಬೀಜ, ಕೋಕೋಪೀಟ್, ಗ್ರೋ ಬ್ಯಾಗ್ ಅಂತ ಎಷ್ಟು ಜನ ಮುಗಿಬೀಳುತ್ತಾರೆ ಅಂತ. ನಮ್ಮಲ್ಲೇ ಕೆಲವರ ತಾರಸಿಯಲ್ಲಿ ತೋಟದ ಗಿಡಗಳಿಗಿಂತ ಚೆನ್ನಾಗಿ ಕಾಯಿ ಬಿಟ್ಟ ಗಿಡಗಳಿವೆ. ಅವರೂ ಮನೆಯ ಗಿಡಕ್ಕೆ ನೀರು ಹಾಕಿ ಮುಗಿಸಿ ಇಲ್ಲಿಗೆ ಬಂದು ಗುದ್ದಲಿ ಹಿಡಿಯುತ್ತಾರೆ.

ಸಿ.ಎ. ಸೈಟು

ನಾವಿರುವುದು ಊರಿನ ಪಶ್ಚಿಮಕ್ಕೆ. ಪಾರ್ಕಿನ ಹಿಂದೆ ಒಂದು ಸಿ.ಎ. ಸೈಟು, ಅಂದರೆ ಸಾರ್ವಜನಿಕ ಸೌಕರ್ಯಕ್ಕೆ ಅಂತ ಮೀಸಲಿಟ್ಟ ಜಾಗ, ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಎಲ್ಲ ಬಡಾವಣೆಗಳಲ್ಲೂ ಇಂಥದ್ದೊಂದು ಇರುತ್ತದೆ ಅಲ್ವಾ, ಅದೇ. ಮನೆ ಒಡೆದ ಇಟ್ಟಿಗೆ ಚೂರು, ಟೈಲ್ಸ್, ಎಳನೀರು ಬುರುಡೆ, ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡ. ಬೇಕೆಂದಾಗ ಬಿಟ್ಟುಕೊಡಬೇಕು ಅನ್ನುವ ಮಾತಿನ ಮೇಲೆ ಅನುಮತಿ ಸಿಕ್ಕಿತು. ಕಸ ತೆಗೆಸುವುದಕ್ಕೇ ಒಂದು ಬೇಸಿಗೆ ಹೋಯಿತು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಬೇರು ಸಮೇತ ಕೀಳಬೇಕು. ಕೈಗೆ ಗ್ಲೌಸ್ ಇಲ್ಲದಿದ್ದರೆ ತುರಿಕೆ ಏಳುತ್ತದೆ. ಕೀಳುವಾಗ ಎಲೆಗಳ ಮೇಲೆ ಕಂದು ಗೆರೆಗಳಿರುವ ಬಿಳಿ ಬಣ್ಣದ ಪುಟ್ಟ ದುಂಬಿಗಳು ಸಿಗುತ್ತವೆ. ಅವು ಈ ಊರಿನವಲ್ಲ. ಈ ಗಿಡವನ್ನು ತಿನ್ನಲಿ ಅಂತ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಗಳ ಸಂತಾನ ಅವು. ನಲವತ್ತು ವರ್ಷದ ಮೇಲೂ ಬಂದ ಕೆಲಸ ಮಾಡುತ್ತಲೇ ಇವೆ. ಇದು ಗೊತ್ತಾದ ಮೇಲೆ ಮಕ್ಕಳು ಅವನ್ನು ಹುಡುಕಿ ಹುಡುಕಿ, ಬೇಲಿಯ ಆಚೆ ಉಳಿದ ಗಿಡಗಳ ಮೇಲೆ ಬಿಟ್ಟು ಬಂದರು.

ಮಣ್ಣು ಅನ್ನುವಂಥದ್ದು ಅಲ್ಲಿ ಇರಲೇ ಇಲ್ಲ. ಗುದ್ದಲಿ ಹಾಕಿದರೆ ಟಣ್ ಅನ್ನುತ್ತಿತ್ತು. ಹಾಗಾಗಿ ನಾವು ಮೊದಲು ಮಾಡಿದ್ದು ಗೊಬ್ಬರ. 2012ರಲ್ಲಿ ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತು ಊರೆಲ್ಲ ನಾರಿದ್ದನ್ನು ಕಂಡವರು ನಮ್ಮ ಬೀದಿಯಲ್ಲಿ ಬಹಳ ಜನ. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡುವುದು ಆಗಿನಿಂದ ರೂಢಿ. ತರಕಾರಿ ಸಿಪ್ಪೆ ಬಕೆಟ್ಟಿನಲ್ಲಿ ಬರತೊಡಗಿತು. ಆದರೆ ಬರೀ ಸಿಪ್ಪೆ ಹಾಕಿದರೆ ಕೊಳೆತು ಹುಳ ಬೀಳುತ್ತದೆ. ಒಂದು ಬಕೆಟ್ ಸಿಪ್ಪೆಗೆ ಎರಡು ಬಕೆಟ್ ಒಣ ಎಲೆ ಬೇಕು. ಅದನ್ನು ಕೊಟ್ಟವರು ರಸ್ತೆ ಗುಡಿಸುವ ಪೌರಕಾರ್ಮಿಕ ಅಕ್ಕಂದಿರು. ಹೊಂಗೆ ಎಲೆ, ಮಳೆಮರದ ಸಣ್ಣ ಎಲೆ, ಮೂಲೆಯಲ್ಲಿ ಸುಡುತ್ತಿದ್ದ ರಾಶಿಯೆಲ್ಲ ಚೀಲದಲ್ಲಿ ತುಂಬಿ ಬೇಲಿಯ ಮೇಲಿಂದ ಕೊಡುತ್ತಾರೆ. ಹೊಂಗೆ ಎಲೆ ಬೇಗ ಕರಗುತ್ತದೆ, ಮಾವಿನ ಎಲೆ ತಡ, ಅದನ್ನು ಕೆಳಗೆ ಹಾಕಿ ಅಂತ ಅವರಲ್ಲೊಬ್ಬರು ಹೇಳಿದ್ದು. ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ವರ್ಷಾನುಗಟ್ಟಲೆ ದಿನವೂ ಎಲೆ ಗುಡಿಸಿದವರಿಗೆ ಎಲೆಗಳ ಗುಣ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ?

ರಾಶಿಯನ್ನು ಮಗುಚುವ ದಿನ ನನಗೆ ಬಹಳ ಇಷ್ಟ. ಬೆಳಗಿನ ಚಳಿಯಲ್ಲಿ ಮೇಲಿನ ಪದರ ಸರಿಸಿದರೆ ಒಳಗಿಂದ ಹಬೆ ಏಳುತ್ತದೆ. ಕೈ ಇಟ್ಟರೆ ಇಡಲಾಗದಷ್ಟು ಬಿಸಿ. ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಒಳಗಿನ ಶಾಖ 55 ಡಿಗ್ರಿ ದಾಟುತ್ತದೆ. ಕಳೆ ಬೀಜಗಳು ಬಹುಪಾಲು ಅಲ್ಲೇ ಸಾಯುತ್ತವೆ. ಪಕ್ಕದಲ್ಲಿ ಡ್ರಮ್ಮಿನಲ್ಲಿ ಜೀವಾಮೃತ ಅನ್ನುವ ದ್ರವ ಗೊಬ್ಬರ. 20 ಲೀಟರ್ ನೀರಿಗೆ 1 ಕೆ.ಜಿ. ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ಹೊತ್ತಿಗೆ ಸರಿಯಾಗಿ ಕಲಕಬೇಕು. ಹಾಸನ ಕಡೆಯ ನಿವೃತ್ತ ಬಸ್ ಡ್ರೈವರ್ ಒಬ್ಬರು ಆ ಕೆಲಸವನ್ನು ಯಾರಿಗೂ ಬಿಡುವುದಿಲ್ಲ. ಸಗಣಿಯ ಹದ ಅವರಿಗೆ ಕೈಯಲ್ಲೇ ತಿಳಿಯುತ್ತದೆ.

ಬೆರಕೆ ಸೊಪ್ಪು

ಮೊದಲ ಮಳೆಗಾಲದಲ್ಲಿ ನಾವು ಪಾಲಕ್, ಮೆಂತ್ಯ, ಕೊತ್ತಂಬರಿ ಚೆಲ್ಲಿದ್ದೆವು. ಅದರ ನಡುವೆ ಅದಕ್ಕಿಂತ ಜೋರಾಗಿ ಕಳೆ ಎದ್ದಿತ್ತು. ಒಂದು ಬೆಳಿಗ್ಗೆ ಐದಾರು ಜನ ಕೂತು ಕಳೆ ಕಿತ್ತು ಬುಟ್ಟಿಗೆ ಹಾಕುತ್ತಿದ್ದೆವು. ನಮ್ಮ ಬೀದಿಯ ಮೂರ್ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ಕನಕಪುರ ಕಡೆಯ ಅಕ್ಕ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದವರು ಬೇಲಿಯ ಹತ್ತಿರ ನಿಂತರು. "ಅದ್ಯಾಕಮ್ಮ ಎಸೀತಿದ್ದೀರಿ? ಒಂದೊತ್ತಿನ ಸಾರಾಯ್ತದಲ್ಲ ಅದು!" ಅಂದರು.

ಒಳಗೆ ಬಂದರು. ಚಪ್ಪಲಿ ಬಿಟ್ಟು ಬುಟ್ಟಿಯನ್ನು ನೆಲಕ್ಕೆ ಸುರಿದುಕೊಂಡು ಕೂತರು. ಅವರ ಕೈ ಹೇಗೆ ಓಡುತ್ತಿತ್ತು ಅಂದರೆ, ನಾವು ನೋಡಿ ಮುಗಿಸುವಷ್ಟರಲ್ಲಿ ರಾಶಿ ನಾಲ್ಕಾಗಿತ್ತು. ಇದು ಗೋಣಿ ಸೊಪ್ಪು, ದಪ್ಪ ಎಲೆ, ಸ್ವಲ್ಪ ಹುಳಿ. ಇದು ಅಣ್ಣೆ ಸೊಪ್ಪು, ಹೂ ಬಂದ ಮೇಲೆ ಒರಟಾಗುತ್ತದೆ, ತುದಿ ಮಾತ್ರ ಚಿವುಟಬೇಕು. ಇದು ಹೊನಗೊನ್ನೆ, ಕಣ್ಣಿಗೆ ತಂಪು. ಇದು ಗಣಿಕೆ, ಬಾಯಿಹುಣ್ಣಾದಾಗ ಅವರ ಅವ್ವ ಬೇಯಿಸಿ ಕೊಡುತ್ತಿದ್ದರಂತೆ. ಗಣಿಕೆಯ ಹಸಿರು ಕಾಯಿಗಳನ್ನು ಒಂದೊಂದಾಗಿ ಬಿಡಿಸಿ ಆಚೆ ಹಾಕಿದರು. "ಕಪ್ಪಗೆ ಹಣ್ಣಾದ್ರೆ ಮಕ್ಕಳು ತಿನ್ನಬೈದು, ಹಸುರುಕಾಯಿ ಬ್ಯಾಡ." ನೀಲಿ ಹೂವಿನ ಕನ್ನೆ ಸೊಪ್ಪನ್ನು ಎತ್ತಿ ಹಿಡಿದು, ಇದು ಇದ್ದರೇ ಸಾರಿಗೆ ಸ್ವಲ್ಪ ಗಟ್ಟಿ ಬರುವುದು ಅಂದರು. ಚರಂಡಿ ಪಕ್ಕದ್ದು ಮುಟ್ಟಬೇಡಿ, ನಾಯಿ ಓಡಾಡುವ ಕಡೆಯದ್ದೂ ಬೇಡ ಅಂತಲೂ ಎಚ್ಚರಿಸಿದರು. ನಾವು ಕಷ್ಟಪಟ್ಟು ಬಿತ್ತಿದ್ದ ಪಾಲಕ್ ಕಡೆ ಅವರು ನೋಡಲೇ ಇಲ್ಲ.

ಅದರ ಮುಂದಿನ ವಾರ ತೋಟದಲ್ಲಿ ಮೊದಲ ಬಾರಿಗೆ ಒಲೆ ಹಚ್ಚಿದೆವು. ಮೂರು ಇಟ್ಟಿಗೆ, ಒಣಗಿದ ಕೊಂಬೆ, ಯಾರದೋ ಮನೆಯ ದೊಡ್ಡ ಪಾತ್ರೆ. ಅಕ್ಕ ಅಲಸಂದೆ ಕಾಳನ್ನು ಮೊದಲು ಅರ್ಧ ಬೇಯಿಸಿಕೊಂಡು, ಅದಕ್ಕೆ ಸೊಪ್ಪು ಹಾಕಿ, ಬೆಂದ ಮೇಲೆ ಕಟ್ಟನ್ನು, ಅಂದರೆ ಬೇಯಿಸಿದ ನೀರನ್ನು, ಬಸಿದರು. ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು, ತೆಂಗಿನಕಾಯಿ, ಹುಣಸೆ. ಇದರ ಜೊತೆಗೆ ಬೆಂದ ಸೊಪ್ಪು ಕಾಳು ಒಂದು ಹಿಡಿ ಸೇರಿಸಿ ರುಬ್ಬಿದರು. ಮಿಕ್ಸಿ ತರುತ್ತೇವೆ ಅಂದಿದ್ದಕ್ಕೆ ಒಪ್ಪಲಿಲ್ಲ. ಎದುರು ಮನೆಯವರು ಹೊರಗೆ ಅನಾಥವಾಗಿ ಬಿಟ್ಟಿದ್ದ ಒಳಕಲ್ಲನ್ನು ತೊಳೆಸಿ ಅದರಲ್ಲೇ ರುಬ್ಬಿದರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಬಸ್ಸಾರು ಕುದಿಯುವ ವಾಸನೆಗೆ ಪಾರ್ಕಿನಲ್ಲಿ ಕೂತಿದ್ದ ಹಿರಿಯರು ಒಬ್ಬೊಬ್ಬರಾಗಿ ಎದ್ದು ಬಂದರು. ಅವರಲ್ಲೊಬ್ಬರು, ತುಮಕೂರು ಕಡೆಯವರು, ಮನೆಗೆ ಹೋಗಿ ರಾಗಿ ಹಿಟ್ಟು ತಂದು ತಾವೇ ಮುದ್ದೆ ತೊಳಸಿದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, ಇವರಿಗೆ ಮುದ್ದೆ ಮಾಡಲು ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ ಅಂದರು. ಹುಡುಗನಾಗಿದ್ದಾಗ ಹಾಸ್ಟೆಲ್ಲಿನಲ್ಲಿ ಕಲಿತದ್ದಂತೆ.

ನನ್ನ ಪ್ರಶ್ನೆಗೆ ಅವತ್ತು ಉತ್ತರದ ತುದಿ ಸಿಕ್ಕಿತು ಅನ್ನಿಸುತ್ತದೆ. ಈ ಊರಿನಲ್ಲಿ ಎಷ್ಟೊಂದು ಜನರಿಗೆ ಎಷ್ಟೊಂದು ಗೊತ್ತಿದೆ. ಹಳ್ಳಿಯಿಂದ ಬರುವಾಗ ಅದನ್ನೆಲ್ಲ ಜೊತೆಗೇ ತಂದಿರುತ್ತಾರೆ. ಇಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಅಕ್ಕನನ್ನು ನಮ್ಮ ಬೀದಿ ಕೇಳುತ್ತಿದ್ದದ್ದು ಎರಡೇ. ನಾಳೆ ಎಷ್ಟೊತ್ತಿಗೆ ಬರ್ತೀಯಾ, ಪಾತ್ರೆ ಸರಿಯಾಗಿ ತೊಳೆದೆಯಾ. ಆ ಬಸ್ಸಾರು ಆದ ಮೇಲೆ ಅವರನ್ನು ದಾರಿಯಲ್ಲಿ ನಿಲ್ಲಿಸಿ, ಅಕ್ಕ, ಈ ಎಲೆ ತಿನ್ನಬಹುದಾ ಅಂತ ಕೇಳುವವರಾದರು. ಬೀದಿಯ ಬಹಳ ಮನೆಗಳಲ್ಲಿ 'ನೀನು' ಹೋಗಿ 'ನೀವು' ಬಂತು. ಇದು ದೊಡ್ಡ ಬದಲಾವಣೆ ಅಂತ ನಾನು ಹೇಳಲಾರೆ. ಅವರ ಸಂಬಳ ಅದರಿಂದ ಏರಲಿಲ್ಲ. ಆದರೆ ಅವರು ಬೇಲಿಯ ಆಚೆ ನಿಂತು ಮಾತಾಡುವುದು ನಿಂತಿತು. ನೇರ ಒಳಗೆ ಬರುತ್ತಾರೆ, ಸರಿಯಿಲ್ಲದ್ದನ್ನು ಸರಿಯಿಲ್ಲ ಅನ್ನುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ವಯಂಸೇವೆ ಅಂದರೆ ಭಾನುವಾರ ಬೆಳಿಗ್ಗೆ ಅಂತ ಬಹಳ ಕಡೆ ಇಟ್ಟುಕೊಂಡಿರುತ್ತಾರೆ. ಭಾನುವಾರ ಬಿಡುವಿರುವುದು ಆಫೀಸಿಗೆ ಹೋಗುವವರಿಗೆ. ಮನೆಕೆಲಸದವರಿಗೆ ಅವತ್ತೇ ಕೆಲಸ ಜಾಸ್ತಿ, ನೆಂಟರು ಬಂದಿರುತ್ತಾರೆ. ಅಕ್ಕನಿಗೆ ಬಿಡುವು ಸಿಗುವುದು ವಾರದ ನಡುವೆ, ಎರಡು ಮನೆಗಳ ಮಧ್ಯೆ, ಹನ್ನೊಂದು ಗಂಟೆಯ ಹೊತ್ತಿಗೆ. ಅದಕ್ಕೇ ನಮ್ಮಲ್ಲಿ ಬುಧವಾರ ಹನ್ನೊಂದಕ್ಕೂ ಗೇಟು ತೆರೆದಿರುತ್ತದೆ. ನಿವೃತ್ತರು, ರಾತ್ರಿ ಪಾಳಿಯವರು, ಹಸುಗೂಸಿನ ತಾಯಂದಿರು ಆಗ ಬರುತ್ತಾರೆ. ಭಾನುವಾರಕ್ಕಿಂತ ಬುಧವಾರವೇ ಹೆಚ್ಚು ಕೆಲಸ ಸಾಗುತ್ತದೆ.

ಕುಂಬಳದ ಹೂ

ರಾತ್ರಿ ಪಾಳಿ ಅಂದೆ. ಪಕ್ಕದ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಹುಡುಗ ಒಡಿಶಾದವನು. ಬೆಳಿಗ್ಗೆ ಆರಕ್ಕೆ ಅವನ ಡ್ಯೂಟಿ ಮುಗಿಯುತ್ತದೆ. ನಮ್ಮ ಸಿಹಿಗುಂಬಳದ ಬಳ್ಳಿ ಬೇಲಿ ತುಂಬ ಹಬ್ಬಿ ಹೂ ಬಿಡುತ್ತಿತ್ತು, ಕಾಯಿ ಮಾತ್ರ ಹೆಬ್ಬೆರಳಿನಷ್ಟಾಗಿ ಹಳದಿಗೆ ತಿರುಗಿ ಉದುರುತ್ತಿತ್ತು. ಕಾರಣ ಗೊತ್ತಿತ್ತು, ಜೇನುನೊಣ ಸಾಲದು. ಕೈಯಿಂದ ಪರಾಗ ಮುಟ್ಟಿಸಬೇಕು. ಆದರೆ ಕುಂಬಳದ ಹೂ ಅರಳುವುದು ನಸುಕಿನಲ್ಲಿ, ಬಿಸಿಲು ಏರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ನಾವು ಕಾಫಿ ಕುಡಿದು ಬರುವ ಹೊತ್ತಿಗೆ ಹೊತ್ತು ಮೀರಿರುತ್ತಿತ್ತು. ಆ ಹುಡುಗ ಬಳ್ಳಿ ನೋಡಿ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ನಾನು ಮಾಡ್ತೀನಿ ಅಂದ. ಗಂಡು ಹೂವಿನ ದಳ ಕಿತ್ತು, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರುತ್ತಾನೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ, ಗಂಡಿಗೆ ಬರೀ ತೊಟ್ಟು. ಆ ವರ್ಷ ಕಾಯಿ ನಿಂತವು. ಕಾಯಿಗಿಂತ ಅವನಿಗೆ ಬೇಕಾಗಿದ್ದದ್ದು ಮಿಕ್ಕ ಗಂಡು ಹೂಗಳು. ನೆನೆಸಿದ ಅಕ್ಕಿಯನ್ನು ರುಬ್ಬಿ, ಉಪ್ಪು, ಖಾರ, ಜೀರಿಗೆ ಹಾಕಿ, ಹೂವನ್ನು ಅದ್ದಿ ಕಾವಲಿಯ ಮೇಲೆ ಎಣ್ಣೆ ಬಿಟ್ಟು ಗರಿಗರಿಯಾಗಿ ಸುಟ್ಟ. ಅವನ ಊರಿನಲ್ಲಿ ಇದು ಮಾಮೂಲಿ ತಿಂಡಿ. ಕನಕಪುರದ ಅಕ್ಕ ತಿಂದು ನೋಡಿ, ನಮ್ಮಲ್ಲಿ ಹೂವಿನ ಪಲ್ಯ ಮಾಡುತ್ತಾರೆ, ಹೀಗೆ ಮಾಡುವುದು ಗೊತ್ತಿರಲಿಲ್ಲ ಅಂತ ಎರಡನೆಯದಕ್ಕೆ ಕೈ ಚಾಚಿದರು.

2024ರ ಬೇಸಿಗೆ

ಆ ಮಾರ್ಚ್ ತಿಂಗಳಲ್ಲಿ ನಮ್ಮ ಕಡೆ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಆದೇಶ ಸರಿಯಾಗಿಯೇ ಇತ್ತು. ಜನ ಕೊಡ ಹಿಡಿದು ಟ್ಯಾಂಕರಿಗೆ ಕಾಯುವಾಗ ಬೀನ್ಸ್ ಗಿಡಕ್ಕೆ ನೀರು ಬಿಡುವುದು ಯಾವ ನ್ಯಾಯ? ಟೊಮೆಟೊ, ಬೀನ್ಸ್, ಸೌತೆ ಬಿಟ್ಟುಕೊಟ್ಟೆವು. ಉಳಿಸಲು ಆರಿಸಿಕೊಂಡದ್ದು ನುಗ್ಗೆ, ಕರಿಬೇವು, ಬಸಳೆ, ಎರಡು ಬಾಳೆ. ಅವಕ್ಕೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು. ಬುಡಕ್ಕೆ ಗೇಣುದ್ದ ಒಣ ಎಲೆ ಹೊದಿಸಿದೆವು. ಮೂರನೇ ಮಹಡಿಯಿಂದ ಒಬ್ಬ ಅಜ್ಜಿ ದಿನವೂ ಒಂದು ಚೊಂಬು ನೀರು ಮೊಮ್ಮಗನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅದು ಬಸಳೆಗೇ ಹೋಗಬೇಕು ಅಂತ ಅವರ ಕಟ್ಟಪ್ಪಣೆ. ಮಂಗಳೂರು ಕಡೆಯವರು, ಬಸಳೆ ಇಲ್ಲದ ತೋಟವನ್ನು ಅವರು ತೋಟ ಅನ್ನುವುದಿಲ್ಲ. ಮೇ ತಿಂಗಳಲ್ಲಿ ಮಳೆ ಬಂತು. ಬಸಳೆ ಚಪ್ಪರ ತುಂಬಿತು. ಸೊಪ್ಪಿನ ಮೊದಲ ಕಂತೆ ಮೂರನೇ ಮಹಡಿಗೆ ಹೋಯಿತು.

ಹಿತಕುವ ದಿನ

ನಮ್ಮ ತೋಟದ ದೊಡ್ಡ ಹಬ್ಬ ಅವರೆಯದು. ಅವರೆಗೆ ಎರಡು ಪಕ್ಷ ಇದೆ ನಮ್ಮಲ್ಲಿ. ಕೃಷಿ ವಿಶ್ವವಿದ್ಯಾಲಯದ ಎಚ್.ಎ.-3, ಎಚ್.ಎ.-4 (ಹೆಬ್ಬಾಳ ಅವರೆ) ತಳಿ ಹಾಕಿದರೆ ವರ್ಷದ ಯಾವ ಕಾಲದಲ್ಲೂ ಕಾಯಿ ಬರುತ್ತದೆ, ಗಿಡ ಗಿಡ್ಡ, ಚಪ್ಪರವೂ ಬೇಡ. ನಾಟಿ ಅವರೆಗೆ ಹಗಲು ಚಿಕ್ಕದಾಗದೆ ಹೂ ಬರುವುದಿಲ್ಲ. ಆಷಾಢ, ಶ್ರಾವಣದಲ್ಲಿ ಬಿತ್ತಿ ಧನುರ್ಮಾಸದ ಇಬ್ಬನಿಯವರೆಗೆ ಕಾಯಬೇಕು. ಆದರೆ ಸೊಗಡು? ಕಾಯಿ ಕಿತ್ತ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳಿನಲ್ಲಿ ಉಳಿಯುವ ಆ ಅಂಟು, ಆ ವಾಸನೆ? ನಾನು ನಾಟಿಯ ಪಕ್ಷ. ಕಾಯುವುದಕ್ಕೆ ತಯಾರಿದ್ದೇನೆ.

ಜನವರಿಯಲ್ಲಿ ಒಂದು ಶನಿವಾರ ರಾತ್ರಿ ಕಾಳು ನೆನೆಹಾಕಿ, ಭಾನುವಾರ ಎಲ್ಲರೂ ಚಾಪೆಯ ಮೇಲೆ ಕೂತೆವು. ನಮ್ಮ ಬೆಳೆ ಅಷ್ಟು ಜನರಿಗೆ ಸಾಲದು. ಮಿಕ್ಕದ್ದನ್ನು ಮಾಗಡಿ ಕಡೆಯಿಂದ ಬಂದು ಮೂಲೆಯಲ್ಲಿ ರಾಶಿ ಹಾಕಿ ಮಾರುವವರ ಹತ್ತಿರ ಕೊಂಡಿದ್ದೆವು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಮಾಡಿದರೆ ಇದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಅದಕ್ಕೇ ಬಹಳ ಮನೆಗಳಲ್ಲಿ ಹಿತಕಿದ ಬೇಳೆ ಸಾರು ನಿಂತುಹೋಗಿದೆ, ಇಲ್ಲವೇ ಹಿತಕಿದ್ದನ್ನೇ ಪ್ಯಾಕೆಟ್ಟಿನಲ್ಲಿ ಕೊಳ್ಳುತ್ತಾರೆ. ಇಪ್ಪತ್ತು ಜನ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕೈಗೆ ಕೆಲಸ ಇರುವಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಹೆಂಡತಿ ತೀರಿಕೊಂಡ ಮೇಲೆ ನಮ್ಮ ಯಾರ ಜೊತೆಗೂ ನಾಲ್ಕು ಮಾತಿಗಿಂತ ಹೆಚ್ಚು ಆಡಿರಲಿಲ್ಲ. ಅವತ್ತು ಅವರು ತಲೆ ಎತ್ತದೆ ಹಿತಕುತ್ತಾ, ಅವಳು ಈ ಸಾರಿಗೆ ಗಸಗಸೆ ಹಾಕುತ್ತಿದ್ದಳು, ಚಕ್ಕೆ ಲವಂಗ ಕಮ್ಮಿ, ಅಂದರು. ಒಲೆಯ ಹತ್ತಿರ ಇದ್ದವರು ಕೇಳಿಸಿಕೊಂಡರು. ಹುಡುಗನೊಬ್ಬ ಸೈಕಲ್ಲಿನಲ್ಲಿ ಹೋಗಿ ಗಸಗಸೆ ತಂದ. ಅವರು ಎದ್ದು ಬಂದು ಎಷ್ಟು ಅಂತ ಅಂಗೈಯಲ್ಲಿ ಅಳೆದು ತೋರಿಸಿದರು. ಹದ ಬಂತಾ ಅಂತ ಮೊದಲ ಸೌಟು ಅವರಿಗೇ ಕೊಟ್ಟೆವು. ಇನ್ನು ಸ್ವಲ್ಪ ಉಪ್ಪು ಅಂದರು. ಈಗ ಅಡುಗೆ ಇರುವ ದಿನಗಳಲ್ಲಿ ಉಪ್ಪು ನೋಡುವುದು ಅವರ ಕೆಲಸ. ಅವರಿಗಾಗಿ ಕಾಯುತ್ತೇವೆ.

ಬೆಳೆಯುವುದನ್ನು ಒಬ್ಬರೇ ಮಾಡಬಹುದು. ತಾರಸಿಯಲ್ಲಿ ಎಷ್ಟೋ ಜನ ಮಾಡುತ್ತಾರೆ, ನಮಗಿಂತ ಚೆನ್ನಾಗಿ ಮಾಡುತ್ತಾರೆ. ಅವರೂ ಇಲ್ಲಿಗೆ ಬರುವುದು ಈ ಚಾಪೆಗಾಗಿ, ಈ ಒಲೆಗಾಗಿ ಅಂತ ನನಗೆ ಈಗ ಅನ್ನಿಸುತ್ತದೆ. ಒಲೆ ಹಚ್ಚದ ತಿಂಗಳುಗಳಲ್ಲಿ ಕಳೆ ಕೀಳಲು ಬರುವವರೂ ಕಮ್ಮಿಯಾಗುತ್ತಾರೆ. ಇದನ್ನು ನಾನು ವರ್ಷವರ್ಷವೂ ನೋಡಿದ್ದೇನೆ.

ಜಾಗ ಎಂದಾದರೂ ಬಿಟ್ಟುಕೊಡಬೇಕಾಗುತ್ತದೆ. ಅಲ್ಲಿ ಶಾಲೆಯೋ ಆಸ್ಪತ್ರೆಯೋ ಬಂದರೆ ಬರಲಿ, ಅದಕ್ಕೇ ಇಟ್ಟ ಜಾಗ ಅದು. ಆ ದಿನಕ್ಕೆ ಅಂತ ಅವರೆ, ಬದನೆ, ಸೋರೆ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಡಬ್ಬಿಗಳಲ್ಲಿ ಹಂಚಿ ನಾಲ್ಕು ಮನೆಗಳಲ್ಲಿ ಇಟ್ಟಿದ್ದೇವೆ.

ಮೊನ್ನೆ ಇನ್ನೊಂದು ಬಡಾವಣೆಯ ಗುಂಪು ನೋಡಲು ಬಂದಿತ್ತು. ಅವರಿಗೂ ಒಂದು ಸೈಟು ಸಿಕ್ಕಿದೆ. ಡ್ರಿಪ್ ಹಾಕಿಸಬೇಕಾ, ಕೆಂಪು ಮಣ್ಣು ಎಷ್ಟು ಲೋಡು ಬೇಕು, ಯಾವ ಸಸಿ ಮೊದಲು ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮಣ್ಣಿನ ಮೊದಲು ಒಲೆಗೆ ಜಾಗ ನೋಡಿ ಅಂದೆ. ಮಳೆಗೆ ನೆನೆಯದ ಹಾಗೆ ಮೇಲೊಂದು ಶೀಟು, ದೊಡ್ಡ ಪಾತ್ರೆ ಒಂದು, ತಟ್ಟೆ ಲೋಟ ಅವರವರೇ ತರಲಿ. ವಾರದ ನಡುವೆ ಒಂದು ದಿನ ಗೇಟು ತೆರೆಯಿರಿ. ಅಕ್ಕನೂ ಅಲ್ಲೇ ಇದ್ದರು. ಬಂದವರು ಫೋನಿನಲ್ಲಿ ತೋರಿಸಿದ ತಮ್ಮ ಸೈಟಿನ ಫೋಟೋಗಳನ್ನು ಅಕ್ಕ ಒಂದೊಂದಾಗಿ ಸರಿಸಿ ನೋಡಿ, ಒಂದನ್ನು ದೊಡ್ಡದು ಮಾಡಿಸಿದರು. ಇಟ್ಟಿಗೆ ರಾಶಿಯ ಪಕ್ಕ ಗೋಣಿ ಸೊಪ್ಪು, ಅದರ ಹಿಂದೆ ಅಣ್ಣೆ ಸೊಪ್ಪು, ಇನ್ನೂ ಎಳೆಯದು. "ಬಿತ್ತೋದು ಆಮೇಲೆ ಬಿತ್ತಿ. ಮುಂದಿನ ವಾರಕ್ಕೆ ಇಷ್ಟು ಸಾಕು, ಹತ್ತು ಜನಕ್ಕಾಯ್ತದೆ. ಕಾಳು ರಾತ್ರಿನೇ ನೆನೆಹಾಕಿ," ಅಂದರು. ಬರೆದುಕೊಳ್ಳುತ್ತಿದ್ದವರು ಅದನ್ನೂ ಬರೆದುಕೊಂಡು, ಯಾವ ಕಾಳು ಅಂತ ಕೇಳಿದರು.